ಅಕ್ಕನ ಮಾದಲಿ, ನನ್ನ ಎದೆಯ ತಂತಿ

ನನ್ನ ಅಕ್ಕನ ಕೈಯ ಮಾದಲಿಯನ್ನು ನಾನು ಈಗ ತಿನ್ನುವುದಿಲ್ಲ. ಗೋಧಿ ಹಿಟ್ಟಿನ ದಪ್ಪ ಚಪಾತಿ ಸುಟ್ಟು, ಪುಡಿ ಮಾಡಿ, ಬೆಲ್ಲ, ಪುಟಾಣಿ, ಒಣಕೊಬ್ಬರಿ ಬೆರೆಸಿ, ಮೇಲೆ ಹಾಲು ತುಪ್ಪ ಹಾಕಿ ಕೊಡುತ್ತಾಳೆ. ಸವಣೂರಿನ ಅವಳ ಓಣಿಯಲ್ಲಿ ಅದಕ್ಕೆ ದೊಡ್ಡ ಹೆಸರು. ಮದುವೆ ಇರಲಿ, ಸೀಮಂತ ಇರಲಿ, ಮಾದಲಿ ಎಂದರೆ ಅವಳನ್ನೇ ಕರೆಯುತ್ತಾರೆ. ಕರೆಯಲಿ. ಅವಳು ಅದರಲ್ಲಿ ಏನು ಬೆರೆಸಬಲ್ಲಳು ಎಂಬುದು ನನಗೆ ಗೊತ್ತು.

ಹಾನಗಲ್ಲಿನಲ್ಲಿ ನನ್ನದೊಂದು ಹಿಟ್ಟಿನ ಗಿರಣಿ ಇದೆ. ಮದುವೆಯಾಗಿ ಬಂದ ಕೆಲವೇ ವರ್ಷಕ್ಕೆ ಶುರು ಮಾಡಿದ್ದು, ಇಂದಿಗೂ ನಾನೇ ನಡೆಸುತ್ತೇನೆ. ನಮ್ಮ ಮನೆಯವರು ಸರಕಿನ ಟೆಂಪೋ ಓಡಿಸುತ್ತಾರೆ, ಅವರಿಗೆ ಗಿರಣಿಯ ಸದ್ದು ಆಗುವುದಿಲ್ಲ. ನನಗೆ ಆಗದಿರುವುದು ಗಿರಾಕಿಗಳು. ಒದ್ದೆ ಜೋಳ ತಂದು ಕಲ್ಲಿಗೆ ಮೆತ್ತಿಸುವವರು, ಮೆಣಸಿನಕಾಯಿ ಬೀಸಿದ ಕೂಡಲೇ ಅದೇ ಕಲ್ಲಿಗೆ ಕೂಸಿನ ರಾಗಿ ಹಾಕು ಎನ್ನುವವರು, ಡಬ್ಬಿ ಇಟ್ಟು ಸಂತೆ ತಿರುಗಿ ಬಂದು ಹಿಟ್ಟು ಕಡಿಮೆಯಾಗಿದೆ ಎಂದು ಮುಖ ಗಂಟಿಕ್ಕುವವರು. ಇವರ ಜೊತೆ ನಗುನಗುತ್ತ ಮಾತಾಡುವಷ್ಟು ದೊಡ್ಡ ಮನಸ್ಸು ನನ್ನದಲ್ಲ. ಸಿಟ್ಟು ನನ್ನ ಮೂಗಿನ ತುದಿಯಲ್ಲೇ ಇರುತ್ತದೆ, ಊರಿಗೆಲ್ಲ ಗೊತ್ತು. ಹಾಗಾಗಿ ನನ್ನ ಎದೆ ಹೊಡೆದುಕೊಳ್ಳುತ್ತದೆ ಎಂದಾಗ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಸಿಟ್ಟಿನ ಹೆಂಗಸು, ಎದೆ ಹೊಡೆದುಕೊಳ್ಳುತ್ತದೆ, ಅಲ್ಲಿಗೆ ಮುಗಿಯಿತು.

ಆದರೆ ಅದು ಶುರುವಾದದ್ದು ಗಿರಣಿಗಿಂತ ಎಷ್ಟೋ ಮೊದಲು. ನಮ್ಮ ತವರು ಹಿರೇಕೆರೂರ ಕಡೆ, ಅಬಲೂರಿನ ಹತ್ತಿರ. ಎಂಟನೇ ಇಯತ್ತೆಯಲ್ಲಿದ್ದೆ. ಬೆಳಗಿನ ಪ್ರಾರ್ಥನೆಯ ಸಾಲಿನಲ್ಲಿ ನಿಂತಿದ್ದೆ, ಅವತ್ತು ಯಾರ ಮೇಲೂ ಸಿಟ್ಟು ಇರಲಿಲ್ಲ. ಯಾರೋ ಗುಂಡಿ ಒತ್ತಿದ ಹಾಗೆ ಎದೆಯೊಳಗೆ ಓಟ ಶುರುವಾಯಿತು. ಗಂಟಲಲ್ಲಿ ಬಡಿತ, ಕಣ್ಣಿಗೆ ಕತ್ತಲೆ. ಸ್ವಲ್ಪ ಹೊತ್ತಿನ ಮೇಲೆ, ಶುರುವಾದ ಹಾಗೆಯೇ ಟಕ್ಕನೆ ನಿಂತಿತು. ಉಪವಾಸ ಬಂದಿದ್ದಾಳೆ ಎಂದರು ಮಾಸ್ತರು. ಎರಡು ರೊಟ್ಟಿ ತಿಂದು ಹೋಗಿದ್ದೆ ನಾನು.

ಅಲ್ಲಿಂದ ಮುಂದೆ ಒಬ್ಬೊಬ್ಬರು ಒಂದೊಂದು ಹೆಸರಿಟ್ಟರು. ಗ್ಯಾಸ್, ರಕ್ತ ಕಡಿಮೆ, ಅಂಜಿಕೆ, ಟೆನ್ಷನ್, ಕೊನೆಗೆ ಮುಟ್ಟು ನಿಲ್ಲುವ ಕಾಲ. ಆಸ್ಪತ್ರೆಗೆ ಓಡಿದರೆ ತಲುಪುವಷ್ಟರಲ್ಲಿ ಓಟ ನಿಂತಿರುತ್ತಿತ್ತು, ಇ.ಸಿ.ಜಿ. ಪಟ್ಟಿ ಚೆಂದವಾಗಿ ಬರುತ್ತಿತ್ತು. ಡಾಕ್ಟರರು ಆ ಪಟ್ಟಿ ನೋಡಿ, ನನ್ನ ಮುಖ ಬಿಟ್ಟು ನಮ್ಮ ಮನೆಯವರ ಮುಖ ನೋಡಿ ನಗುತ್ತಿದ್ದರು. ಆ ನಗುವನ್ನು ನಾನು ಯಾರಿಗೂ ಕ್ಷಮಿಸಿಲ್ಲ.

ಎಲ್ಲರಿಗಿಂತ ಹೆಚ್ಚು ಹೇಳುತ್ತಿದ್ದವಳು ಅಕ್ಕ. ನನಗಿಂತ ಹನ್ನೆರಡು ವರ್ಷಕ್ಕೆ ದೊಡ್ಡವಳು. ಅವ್ವ ಬೇಗ ತೀರಿಹೋದದ್ದರಿಂದ ನನ್ನ ತಲೆ ಬಾಚಿ, ಜಡೆ ಹಾಕಿ, ಬೈದು ಬೆಳೆಸಿದವಳು ಅವಳೇ.

"ನಿಂದು ಬರೇ ಸಿಟ್ಟು ನೋಡವಾ. ಬಾಯಿ ಮುಚಗೊಂಡು ಕುಂದ್ರು, ಎದಿ ತಾನ ಸುಮ್ನ ಆಗತೈತಿ," ಎನ್ನುತ್ತಿದ್ದಳು.

"ಸಿಟ್ಟು ಬ್ಯಾರೆ, ಎದಿ ಬ್ಯಾರೆ," ಎಂದು ನಾನು ಕೂಗುತ್ತಿದ್ದೆ. ಕೂಗಿದ್ದಕ್ಕೇ ನೋಡು ಎನ್ನುತ್ತಿದ್ದಳು.

ಒಂದು ದಿನ ಗಿರಣಿಯಲ್ಲಿ ಎದೆಯ ಓಟದ ನಡುವೆ ಕಣ್ಣು ಕಟ್ಟಿ ಬಿದ್ದೆ. ಎಚ್ಚರವಾದಾಗ ನನ್ನ ಬಲಗೈ ಓಡುತ್ತಿದ್ದ ಮೋಟರ್ ಬೆಲ್ಟಿನ ಪಕ್ಕದಲ್ಲಿತ್ತು, ಸೆರಗಿನ ತುದಿ ಹರಿದು ಗಾಲಿಗೆ ಸುತ್ತಿಕೊಂಡಿತ್ತು. ನನಗೆ ಗಿರಣಿ ಬಿಟ್ಟರೆ ಬೇರೆ ಕೆಲಸ ಬರುವುದಿಲ್ಲ, ಬೇಕಾಗಿಯೂ ಇಲ್ಲ. ಇದನ್ನು ಹಿಡಿದು ನಿಲ್ಲಿಸಬೇಕು, ಇಲ್ಲವಾದರೆ ಗಿರಣಿಗೆ ಬೀಗ ಹಾಕಬೇಕು ಎಂದು ಅವತ್ತೇ ತಿಳಿಯಿತು.

ಕಡೆಗೆ ಅದು ಸಿಕ್ಕಿಬಿದ್ದದ್ದು ಶಿಗ್ಗಾಂವಿಯಲ್ಲಿ. ಸವಣೂರಿನ ಅಕ್ಕನ ಮನೆಯಿಂದ ಹಾನಗಲ್ಲಿಗೆ ಹೊರಟು, ಬಸ್ಸು ಬದಲಿಸಲು ಅಲ್ಲಿ ಇಳಿದಿದ್ದೆ. ನಿಲ್ದಾಣದಲ್ಲೇ ಓಟ ಶುರುವಾಯಿತು. ಆಟೋ ಹತ್ತಿ ಸರ್ಕಾರಿ ದವಾಖಾನೆಗೆ ಹೋದೆ. ಡ್ಯೂಟಿಯಲ್ಲಿದ್ದದ್ದು ಹೊಸ ಹುಡುಗಿ ಡಾಕ್ಟರು. ಹೆಸರು, ಊರು ಬರೆದುಕೊಳ್ಳುವ ಮೊದಲೇ ಎದೆಗೆ ತಂತಿ ಹಚ್ಚಿದಳು.

"ಸಿಕ್ತು ನೋಡ್ರಿ ಅಮ್ಮಾ. ಇದು ಟೆನ್ಷನ್ ಅಲ್ರಿ, ಎದಿ ಓಟದ ರೋಗ. ಈಗ ಒಂದು ಇಂಜೆಕ್ಷನ್ ಮಾಡ್ತೇನಿ, ಎರಡು ಕ್ಷಣ ಸತ್ತಂಗ ಅನಸ್ತೈತಿ, ಅಂಜಬ್ಯಾಡ್ರಿ."

ಸತ್ತ ಹಾಗೆಯೇ ಅನಿಸಿತು. ಎದೆಯ ಮೇಲೆ ಯಾರೋ ಕುಳಿತು ಎದ್ದರು, ಓಟ ನಿಂತಿತು. ಆ ಹುಡುಗಿ ಬೆಳಿಗ್ಗೆ ಸಂಜೆಗೆ ಓಟ ತಡೆಯುವ ಗುಳಿಗೆ ಬರೆದು, ಇ.ಸಿ.ಜಿ. ಪಟ್ಟಿಯ ಎರಡು ಝೆರಾಕ್ಸ್ ಮಾಡಿಸಿ ನನ್ನ ಕೈಗೇ ಕೊಟ್ಟಳು. ಅವಳು ಎಲ್ಲಿದ್ದರೂ ಚೆನ್ನಾಗಿರಲಿ.

ಆ ಪಟ್ಟಿ ಹಿಡಿದು ಹುಬ್ಬಳ್ಳಿಯ ದೊಡ್ಡ ಆಸ್ಪತ್ರೆಗೆ ಹೋದೆವು. ನಾನು, ನಮ್ಮ ಮನೆಯವರು, ಜೊತೆಗೆ ಬೇಡವೆಂದರೂ ಬಂದ ಅಕ್ಕ. ಎದೆಯೊಳಗೆ ಬಡಿತವನ್ನು ಕಳಿಸುವ ದಾರಿ ಎಲ್ಲರಿಗೂ ಒಂದು, ನನಗೆ ಹುಟ್ಟಿನಿಂದ ಪಕ್ಕದಲ್ಲಿ ಇನ್ನೊಂದು ಕಳ್ಳದಾರಿ ಇತ್ತು. ಬಡಿತ ಒಂದರಲ್ಲಿ ಹೋಗಿ ಇನ್ನೊಂದರಲ್ಲಿ ತಿರುಗಿ ಬಂದು ಸುತ್ತು ಹೊಡೆಯುತ್ತಿತ್ತು. ತೊಡೆಯ ಸಂದಿನ ರಕ್ತನಾಳದಿಂದ ಸಣ್ಣ ತಂತಿಗಳನ್ನು ಎದೆಯವರೆಗೆ ಕಳಿಸಿ, ಆ ಕಳ್ಳದಾರಿಯನ್ನು ಬಿಸಿಯಿಂದ ಸುಟ್ಟುಬಿಡುತ್ತಾರಂತೆ. ನನಗೆ ಅಷ್ಟೇ ಹೇಳಿ ಎದೆಯ ಸ್ಕ್ಯಾನಿಂಗಿಗೆ ಕಳಿಸಿದರು. ಉಳಿದದ್ದನ್ನು, ಅಂದರೆ ಅದರಲ್ಲಿ ಏನೇನು ಕೆಡಬಹುದು ಎಂಬುದನ್ನು, ನಾನು ಆ ಕಡೆ ಹೋದಾಗ ಮನೆಯವರಿಗೂ ಅಕ್ಕನಿಗೂ ಹೇಳಿ, ಕಾಗದಕ್ಕೆ ಮನೆಯವರ ಸಹಿ ತೆಗೆದುಕೊಂಡರು. ಆಮೇಲೆ ನನ್ನ ಮುಂದೆ ಅದೇ ಕಾಗದ ಹಿಡಿದು, ಇಲ್ಲಿ ನೀವೂ ಒಂದು ಸಹಿ ಮಾಡಿ ಎಂದಳು ನರ್ಸ್. ಮಾಡಿದೆ. ಎದೆ ನನ್ನದು, ವಿವರ ಅವರದು.

ಇಲ್ಲಿ ಒಂದು ನಿಯಮವಿತ್ತು, ಅದನ್ನು ಎಲ್ಲರ ಮುಂದೆಯೇ ಹೇಳಿದರು. ಓಟ ತಡೆಯುವ ಗುಳಿಗೆಯನ್ನು ಐದು ದಿನ ಮೊದಲೇ ನಿಲ್ಲಿಸಬೇಕು. ಟೇಬಲಿನ ಮೇಲೆ ಡಾಕ್ಟರು ತಾವಾಗಿ ಆ ಓಟವನ್ನು ಎಬ್ಬಿಸಿ, ಅದು ಎಲ್ಲಿಂದ ಬರುತ್ತದೆಂದು ನೋಡಿ, ಆಮೇಲೆ ಸುಡುವುದು. ಗುಳಿಗೆ ಮೈಯಲ್ಲಿದ್ದರೆ ಓಟ ಏಳುವುದೇ ಇಲ್ಲ. ಗುಳಿಗೆ ಬಿಟ್ಟ ಐದು ದಿನ ಯಂತ್ರದ ಹತ್ತಿರ ಹೋಗಬಾರದು, ಒಬ್ಬಳೇ ಇರಬಾರದು.

"ನಮ್ಮ ಮನಿಗೆ ಕರ್ಕೊಂಡು ಹೋಗ್ತೇನಿ ಬಿಡ್ರಿ," ಎಂದಳು ಅಕ್ಕ ಡಾಕ್ಟರಿಗೆ. ಗುಳಿಗೆಯ ಡಬ್ಬಿಯನ್ನೂ ನನ್ನ ಚೀಲದಿಂದ ಎತ್ತಿಕೊಂಡಳು. "ನೀ ಮರ್ತು ನುಂಗೀದಿ. ನನ್ನ ಕಡೆ ಇರ್ಲಿ."

ಎಂಥ ಕಾಳಜಿ ಎಂದುಕೊಂಡೆ. ನನ್ನ ದಡ್ಡತನಕ್ಕೆ ಏನು ಹೇಳಲಿ!

ಸವಣೂರಿನಲ್ಲಿ ಅಕ್ಕ ಒಬ್ಬಳೇ ಇರುತ್ತಾಳೆ, ಭಾವ ತೀರಿಹೋಗಿದ್ದಾರೆ. ಹೋದ ದಿನವೇ ನನ್ನನ್ನು ಮಣೆಯ ಮೇಲೆ ಕೂರಿಸಿ, ಪಕ್ಕದ ಮನೆಯ ಮುತ್ತೈದೆಯಿಂದ ಅಕ್ಕಿ, ಕೊಬ್ಬರಿ, ಖಣ ಹಾಕಿಸಿ ಉಡಿ ತುಂಬಿಸಿದಳು. ಆಪರೇಷನ್ನಿಗೆ ಹೋಗುವವರು ಸಿಹಿ ಉಂಡು ಹೋಗಬೇಕು ಎಂದು ಐದು ದಿನ ಬೆಳಿಗ್ಗೆ ಸಂಜೆ ಮಾದಲಿ. ಮೊದಲ ತುತ್ತಿಗೇ ನಾಲಿಗೆಯ ಹಿಂದೆ ಸಣ್ಣ ಕಹಿ ಹತ್ತಿತು.

ಹಿಟ್ಟಿನ ವಿಷಯದಲ್ಲಿ ನನ್ನ ನಾಲಿಗೆಗೆ ಮೋಸ ಮಾಡಲು ಆಗುವುದಿಲ್ಲ ಎಂಬ ಜಂಬ ನನಗೆ. ಕಲ್ಲು ಸವೆದು ಮೊಂಡಾದರೆ ಹಿಟ್ಟು ಬಿಸಿಯಾಗಿ ಸೀದು ಕಹಿಯಾಗುತ್ತದೆ. ಆಗ ಕಲ್ಲನ್ನು ಎತ್ತಿಸಿ ಉಳಿಯಿಂದ ಹೊಡೆದು ಮತ್ತೆ ಹರಿತ ಮಾಡಬೇಕು. ಸೋಮಾರಿ ಗಿರಣಿಯವರು ಅದನ್ನು ಮುಂದಕ್ಕೆ ಹಾಕುತ್ತ ಹೋಗುತ್ತಾರೆ.

"ಎಲ್ಲಿ ಬೀಸಿಸೀದಿ ಇದನ್ನ? ಹಿಟ್ಟು ಸೀದೈತಿ. ನಿಮ್ಮ ಸವಣೂರ ಗಿರಣಿಯಂವಗ ಕಲ್ಲಿನ ಗ್ಯಾನನ ಇಲ್ಲ," ಎಂದೆ.

"ಇರಬೌದವಾ," ಎಂದಳು ಅಕ್ಕ. "ಇನ್ನೊಂದೀಟು ಬೆಲ್ಲ ಹಾಕ್ತೇನಿ ತಡಿ."

ಐದೂ ದಿನ ನಾನು ಆ ಗಿರಣಿಯವನನ್ನು ಬೈಯುತ್ತ ಮಾದಲಿ ತಿಂದೆ. ಅವನ ಮುಖವನ್ನೂ ನಾನು ನೋಡಿರಲಿಲ್ಲ. ಐದೂ ದಿನ ಎದೆ ಒಮ್ಮೆಯೂ ಓಡಲಿಲ್ಲ. "ನೋಡು, ಗುಳಿಗಿ ಬಿಟ್ರೂ ಏನೂ ಆಗವಲ್ದು. ನೀ ಸುಮ್ನ ಕುಂತಿ, ಎದಿ ಸುಮ್ನ ಕುಂತೈತಿ. ರೋಗ ಎಲ್ಲೈತಿ?" ಎಂದು ಅಕ್ಕ ದಿನಾ ಕೇಳುತ್ತಿದ್ದಳು. ನನಗೂ ಒಳಗೊಳಗೇ ಅನುಮಾನ ಬರತೊಡಗಿತ್ತು ಎಂಬುದನ್ನು ನೆನೆದರೆ ಇಂದಿಗೂ ಮೈ ಉರಿಯುತ್ತದೆ.

ಟೇಬಲಿನ ಮೇಲೆ ಪೂರ್ತಿ ಎಚ್ಚರವಿರುತ್ತದೆ. ತೊಡೆಯ ಸಂದಿಗೆ ಮಾತ್ರ ಮರಗಟ್ಟಿಸುವ ಇಂಜೆಕ್ಷನ್. ಕೋಣೆಯಲ್ಲಿ ಹಲ್ಲು ಕಡಿಯುವ ಥಂಡಿ. ಹೊರಗಿನಿಂದ ಯಾರೋ ನನ್ನ ಎದೆಯನ್ನು ಬೇಕಾದ ಹಾಗೆ ಹೊಡೆಸುತ್ತಿದ್ದರು, ಒಮ್ಮೆ ಜೋರಾಗಿ, ಒಮ್ಮೆ ತಪ್ಪಿಸಿ ತಪ್ಪಿಸಿ. ಔಷಧಿ ಬಿಟ್ಟು ಕೆಣಕಿದರು. ಏನು ಮಾಡಿದರೂ ಓಟ ಹಿಡಿಯಲಿಲ್ಲ.

"ಬರ್ತಾ ಇಲ್ಲ," ಎಂದರು ಡಾಕ್ಟರು ಗಾಜಿನ ಆಚೆಯಿಂದ. ಆಮೇಲೆ ಹತ್ತಿರ ಬಂದು ಕೇಳಿದರು, "ಗುಳಿಗೆ ನಿಲ್ಲಿಸಿದ್ದು ಖಂಡಿತಾನಾ?"

"ಐದು ದಿನ ಆತ್ರಿ. ದೇವರಾಣಿ."

ಅವರು ನನ್ನನ್ನೇ ನೋಡಿದರು. ನಗಲಿಲ್ಲ, ಆದರೆ ಪಕ್ಕದಲ್ಲಿದ್ದ ತಂತ್ರಜ್ಞ ನಕ್ಕ. ಅದೇ ಹಳೆಯ ನಗು. ಓಟವನ್ನು ಕಣ್ಣಾರೆ ಕಾಣದೆ ಸುಡುವುದಿಲ್ಲ, ಅದು ಮುಖ್ಯ ದಾರಿಗೆ ತೀರ ಹತ್ತಿರದ ಜಾಗ ಎಂದು ಹೇಳಿ, ತಂತಿಗಳನ್ನು ಹೊರಗೆಳೆದು ಕಳಿಸಿದರು. ತೊಡೆಯ ಸಂದು ಕಪ್ಪುನೀಲಿಗಟ್ಟಿ, ಕಾಲು ಮಡಚದೆ ಮಲಗಿದ್ದೇ ನನಗೆ ಸಿಕ್ಕ ಲಾಭ. ಹಾನಗಲ್ಲಿನಲ್ಲಿ ಸುದ್ದಿ ಹಬ್ಬಿತು: ಹುಬ್ಬಳ್ಳಿಯವರೂ ಏನೂ ಇಲ್ಲವೆಂದರಂತೆ, ಬರೀ ಸಿಟ್ಟಂತೆ.

ಗುಳಿಗೆ ಮತ್ತೆ ಶುರು ಮಾಡಿ ಎಂದಿದ್ದರು. ಅಕ್ಕ ವಾಪಸ್ಸು ಕೊಟ್ಟ ಡಬ್ಬಿಯನ್ನು ತೆರೆದೆ. ನಿಲ್ಲಿಸಿದ ದಿನ ನಾನು ಹೊಸ ಪಟ್ಟಿಯೊಂದನ್ನು ಮುಟ್ಟದೆ ಇಟ್ಟಿದ್ದೆ, ಹತ್ತು ಗುಳಿಗೆಯದು. ಆ ಪಟ್ಟಿ ಪೂರ್ತಿ ಖಾಲಿ ಇತ್ತು. ಹತ್ತೂ ಗೂಡು ಒಡೆದಿದ್ದವು. ಬೆಳಿಗ್ಗೆ ಒಂದು, ಸಂಜೆ ಒಂದು, ಐದು ದಿನ. ಪಟ್ಟಿಯನ್ನು ಕೈಯಲ್ಲಿ ಹಿಡಿದುಕೊಂಡೇ ಇದ್ದೆ, ನಾಲಿಗೆಯ ಹಿಂದೆ ಆ ಕಹಿ ತಾನಾಗಿ ಬಂತು.

ಮರುದಿನ ಮೊದಲ ಬಸ್ಸಿಗೆ ಸವಣೂರಿಗೆ ಹೋದೆ. ಅಕ್ಕ ಅಂಗಳದಲ್ಲಿ ಕುಳಿತು ಅಕ್ಕಿ ಆರಿಸುತ್ತಿದ್ದಳು. ಖಾಲಿ ಪಟ್ಟಿಯನ್ನು ಅವಳ ಮೊರದೊಳಗೆ ಎಸೆದೆ. ಅವಳು ಸುಳ್ಳು ಹೇಳಲಿಲ್ಲ, ಅದೊಂದು ಒಪ್ಪಬೇಕು.

"ಅರದು ಮಾದಲ್ಯಾಗ ಕಲಸಿದ್ನಿ," ಎಂದಳು. "ಓಟ ಏಳದಿದ್ರ ಸುಡೂದಿಲ್ಲ, ಹಂಗ ಮನಿಗೆ ಕಳಸ್ತೇವಿ ಅಂದ್ರು ಡಾಕ್ಟರು. ಏಳದಿರಲಿ ಅಂತ ಮಾಡಿದ್ನಿ. ನಿನಗ ಅವರು ಏನೂ ಹೇಳಿಲ್ಲ. ನನಗ ಹೇಳ್ಯಾರ. ಎದಿ ಗ್ವಾಡಿಗೆ ತೂತು ಬೀಳಬೌದಂತ. ರಕ್ತ ಹೆಪ್ಪುಗಟ್ಟಿ ತಲಿಗೆ ಹೋಗಬೌದಂತ. ಕಳ್ಳದಾರಿ ಬಿಟ್ಟು ಖರೇ ದಾರೀನ ಸುಟ್ರ ಎದ್ಯಾಗ ಮಶೀನ್ ಇಡಬೇಕಂತ. ನಿಮ್ಮ ಭಾವನ್ನೂ ಹಿಂಗ ಸಣ್ಣ ಆಪರೇಷನ್ ಅಂತ ಕರ್ಕೊಂಡು ಹೋದ್ರು. ನಡಕೋತ ಹೋದಂವ. ಆ ಕಾಗದಕ್ಕ ಸಹಿ ಮಾಡಿದಾಕಿ ನಾನ."

"ಸಹಿ ನೀ ಮಾಡಿದ್ರ ನನ್ನ್ಯಾಕ ಸುಳ್ಳಿ ಮಾಡಿದಿ? ಅಲ್ಲಿ ಎಲ್ಲಾರ ಮುಂದ ದೇವರಾಣಿ ಮಾಡಿ ಬಂದೀನಿ ನಾ!"

"ಸುಳ್ಳಿ ಆದ್ರ ಆಗು. ಜೀವ ಇರ್ಲಿ."

"ನನ್ನ ಜೀವಾ ಹೆಂಗಿರಬೇಕು ಅನ್ನೂದು ನಿನ್ನ ಕೈಯಾಗ ಐತೇನು? ನನಗ್ಯಾಕ ಹೇಳಲಿಲ್ಲ?"

"ಹೇಳಿದ್ರ ನೀ ಹೋಗೇ ಹೋಗ್ತಿದ್ದಿ."

ನಿಜ, ಹೋಗುತ್ತಿದ್ದೆ. ಅದಕ್ಕೇ ಹೇಳಬೇಕಿತ್ತು. ಸವಣೂರಿನ ಆ ಓಣಿ ನನ್ನ ಬಾಯಿಯನ್ನು ಅವತ್ತು ಪೂರ್ತಿ ಕೇಳಿತು. ಇನ್ನು ನಿನ್ನ ಕೈಯ ನೀರೂ ಮುಟ್ಟುವುದಿಲ್ಲ ಎಂದು ಹೇಳಿ ಬಂದೆ. ಬಸ್ಸಿನಲ್ಲಿ ಎದೆಯ ಓಟ ಶುರುವಾಯಿತು, ಡಾಕ್ಟರು ಹೇಳಿಕೊಟ್ಟಿದ್ದ ಹಾಗೆ ನಾನು ಮೂಗು ಹಿಡಿದು, ಬಾಯಿ ಬಿಗಿದು, ತಿಣುಕಿ ಅದನ್ನು ನಿಲ್ಲಿಸಿದೆ. ಪಕ್ಕದಲ್ಲಿ ಕುಳಿತಾಕೆ ಎದ್ದು ಬೇರೆ ಸೀಟಿಗೆ ಹೋದಳು.

ಮನೆಯವರನ್ನೂ ಬಿಡಲಿಲ್ಲ. ನಿಮಗೆ ಗೊತ್ತಿದ್ದದ್ದು ನನಗೆ ಯಾಕೆ ಗೊತ್ತಾಗಲಿಲ್ಲ ಎಂದು ಕೇಳಿದೆ. "ನೀ ಅಂಜತಿ ಅಂತ," ಎಂದರು ಅವರು. ನಾನು ಅಂಜುವವಳು ಎಂದು ಆ ಮನುಷ್ಯ ಯಾವಾಗ ಕಂಡುಹಿಡಿದರೋ ತಿಳಿಯದು.

ಮತ್ತೆ ಹುಬ್ಬಳ್ಳಿಗೆ ಹೋದೆ. ಖಾಲಿ ಪಟ್ಟಿಯನ್ನು ಡಾಕ್ಟರ ಮೇಜಿನ ಮೇಲಿಟ್ಟು, ನಡೆದದ್ದನ್ನು ಹೇಳಿದೆ. ಅವರು ಪಟ್ಟಿಯನ್ನು ತಿರುಗಿಸಿ ಒಡೆದ ಗೂಡುಗಳನ್ನು ಎಣಿಸಿದರು. "ಈ ಸಲ ಎಲ್ಲಾ ನನಗ ಹೇಳ್ರಿ. ಇವರು ಹೊರಗ ಕುಂದ್ರತಾರ," ಎಂದೆ. ಮನೆಯವರು ಹೊರಗೆ ಹೋಗಿ ಕುಳಿತರು.

ಡಾಕ್ಟರು ಕಾಗದದ ಹಿಂಬದಿಯಲ್ಲಿ ಚಿತ್ರ ಬರೆದು ಒಂದೊಂದಾಗಿ ಹೇಳಿದರು. ತೊಡೆಯ ಸಂದಿನಲ್ಲಿ ರಕ್ತ ಸೋರಬಹುದು, ಗಂಟು ಕಟ್ಟಬಹುದು. ಹೆಪ್ಪುಗಟ್ಟಿದ ರಕ್ತ ಪುಪ್ಪುಸಕ್ಕೋ ಮೆದುಳಿಗೋ ಹೋಗಬಹುದು. ತಂತಿ ಎದೆಯ ಗೋಡೆಯನ್ನು ಚುಚ್ಚಿ ಸುತ್ತಲೂ ರಕ್ತ ತುಂಬಿಕೊಂಡರೆ ಕೂಡಲೇ ಸೂಜಿ ಹಾಕಿ ತೆಗೆಯಬೇಕಾಗುತ್ತದೆ. ಇವೆಲ್ಲ ಅಪರೂಪ, ಆದರೆ ಆಗುವುದೇ ಇಲ್ಲ ಎಂದಲ್ಲ. ನನ್ನ ವಿಷಯದಲ್ಲಿ ಅವರು ಹೆಚ್ಚು ಹೊತ್ತು ನಿಂತದ್ದು ಮುಖ್ಯ ದಾರಿಯ ಮೇಲೆ. ಕಳ್ಳದಾರಿ ಅದಕ್ಕೆ ಕೂದಲೆಳೆ ದೂರದಲ್ಲಿತ್ತು. ಮುಖ್ಯ ದಾರಿಯೇ ಸುಟ್ಟರೆ ಮತ್ತೆ ಕೂಡುವುದಿಲ್ಲ, ಹೆಗಲಿನ ಕೆಳಗೆ ಬಡಿತ ಕೊಡುವ ಪೇಸ್‌ಮೇಕರ್ ಇಟ್ಟುಕೊಂಡು ಜೀವನಪೂರ್ತಿ ಇರಬೇಕು.

"ಹಂಗಾದ್ರ ಗಿರಣಿ? ದೊಡ್ಡ ಮೋಟರ್ ಮ್ಯಾಲೆ ಬಗ್ಗಿ ಕೆಲಸ ಮಾಡ್ತೇನ್ರಿ ನಾ."

"ಮೋಟರಿನ ಅಯಸ್ಕಾಂತ ಆ ಯಂತ್ರವನ್ನ ಏರುಪೇರು ಮಾಡಬಹುದು, ದೂರ ಇರಬೇಕಾಗುತ್ತೆ. ಈಗ ಮಾಡೋ ಹಾಗೆ ಮಾಡೋಕಾಗುತ್ತೆ ಅಂತ ನಾನು ಮಾತು ಕೊಡೋದಿಲ್ಲ."

ಬಿಟ್ಟರೆ ಓಟದಿಂದ ಗಿರಣಿ ಹೋಗುತ್ತದೆ, ಮಾಡಿಸಿದರೆ ಸುಡುವಾಗ ಕೈ ತಪ್ಪಿಯೂ ಗಿರಣಿ ಹೋಗಬಹುದು. ಅಕ್ಕನ ಅಂಜಿಕೆ ಸುಳ್ಳಲ್ಲ ಎಂದು ಅವತ್ತು ತಿಳಿಯಿತು. ಅದರಿಂದ ಅವಳ ಮೇಲಿನ ಸಿಟ್ಟು ಇಳಿಯಲಿಲ್ಲ, ಇನ್ನೂ ಏರಿತು. ಇಷ್ಟು ದೊಡ್ಡ ಮಾತನ್ನು ನನ್ನಿಂದ ಮುಚ್ಚಿಟ್ಟು ಬೆಲ್ಲ ಬೆರೆಸುತ್ತಿದ್ದಳು. ಕಾಗದಕ್ಕೆ ನಾನೇ ಸಹಿ ಮಾಡಿದೆ.

ದಿನ ಗೊತ್ತಾಯಿತು. ಅಕ್ಕನಿಗೆ ತಿಳಿಸಕೂಡದು ಎಂದು ಮನೆಯವರಿಗೆ ತಾಕೀತು ಮಾಡಿದೆ. ಗಿರಣಿಗೆ ಬೀಗ ಹಾಕಿದೆವು. ಅವರು ಐದು ದಿನ ಟೆಂಪೋ ನಿಲ್ಲಿಸಿ ನನ್ನ ಕಾವಲಿಗೆ ಕುಳಿತರು. ನಾನು ಬೀಸಿದ ಜೋಳ, ನಾನು ಬಡಿದ ರೊಟ್ಟಿ, ಬೇರೆಯವರ ಕೈಯ ಚಹಾ ಕೂಡ ಇಲ್ಲ. ಮೂರನೇ ದಿನ ಎದೆ ಓಡಿತು, ನಾಲ್ಕನೇ ದಿನ ಎರಡು ಸಲ ಓಡಿತು. ಆ ಓಟ ಬಂದಾಗ ನಾನು ಖುಷಿಯಿಂದ ಕೈತಟ್ಟಿದ್ದನ್ನು ನೋಡಿ ಮನೆಯವರು ಕಂಗಾಲಾದರು.

ಈ ಸಲ ಟೇಬಲಿನ ಮೇಲೆ ಮೊದಲ ಕೆಣಕಿಗೇ ಓಟ ಎದ್ದಿತು. ಅದೇ ತಂತ್ರಜ್ಞ ಇದ್ದ. "ಬಂತೇನಪಾ? ನಗು ಈಗ," ಎಂದೆ. ಅವನು ತಲೆ ತಗ್ಗಿಸಿ ಪರದೆ ನೋಡಿದ.

ಓಟವನ್ನು ನಿಲ್ಲಿಸಿ ಸುಡಲು ತೊಡಗಿದರು. ಎದೆಯೊಳಗೆ ಬಿಸಿನೀರು ಕುಡಿದ ಹಾಗೆ ಮಂದ ಉರಿ. ನಡುವೆ ಡಾಕ್ಟರು ಒಮ್ಮೆಲೇ "ನಿಲ್ಲಿಸು, ನಿಲ್ಲಿಸು" ಎಂದರು. ಮುಖ್ಯ ದಾರಿಯಲ್ಲಿ ಬಡಿತ ಒಂದು ಕ್ಷಣ ತಡವರಿಸಿತ್ತು. ನನಗೆ ಯಾರೂ ಹೇಳಬೇಕಾಗಿರಲಿಲ್ಲ, ಏನೇನು ಕೆಡಬಹುದು ಎಂಬುದು ಈಗ ನನಗೆ ಗೊತ್ತಿತ್ತು. ನಾನು ಗಿರಣಿಯನ್ನು ನೆನೆದೆ, ಅದರ ಬಾಗಿಲು, ಸ್ವಿಚ್ಚು, ಕಲ್ಲಿನ ಮೇಲಿನ ಬಿಳಿ ಧೂಳು. ಆಮೇಲೆ, ನಾಚಿಕೆ ಬಿಟ್ಟು ಹೇಳುತ್ತೇನೆ, ಅಕ್ಕನನ್ನು ನೆನೆದೆ. ಬಡಿತ ಸರಿಯಾಯಿತು ಎಂದರು. ತುಸು ಕೆಳಗೆ ಸರಿದು ಮತ್ತೆ ಸುಟ್ಟರು. ಆಮೇಲೆ ಎಷ್ಟು ಕೆಣಕಿದರೂ ಓಟ ಏಳಲಿಲ್ಲ.

"ಬರ್ತಾ ಇಲ್ಲ," ಎಂದರು ಡಾಕ್ಟರು. ಈ ಸಲ ನಾನು ಸಮಾಧಾನದಿಂದ ಅತ್ತೆ.

ಹತ್ತು ದಿನದ ಮೇಲೆ ಗಿರಣಿ ತೆರೆದೆ. ಅದರ ಮರುದಿನವೇ ಅಕ್ಕ ಬಂದಳು. ಯಾರೋ ಗಿರಾಕಿಯ ಬಾಯಿಂದ ಸುದ್ದಿ ಸವಣೂರಿಗೆ ಹೋಗಿತ್ತು. ಕೈಯಲ್ಲಿ ಮಾದಲಿಯ ಡಬ್ಬಿ ಇರಲಿಲ್ಲ. ಒಂದು ಚೀಲ ಗೋಧಿ ಹೊತ್ತು ತಂದಿದ್ದಳು.

"ಮಾದಲಿ ತಂದ್ರ ನೀ ತಿನ್ನೂದಿಲ್ಲ. ಗೋದಿ ತಂದೀನಿ. ನೀನ ಬೀಸು, ನೀನ ಮಾಡಿಕೊಂಡು ತಿನ್ನು," ಎಂದಳು.

ನಾನು ಮೋಟರ್ ಬಂದ್ ಮಾಡಿದೆ. ತಿಂಗಳುಗಟ್ಟಲೆ ಕೂಡಿಟ್ಟದ್ದನ್ನೆಲ್ಲ ಹೇಳಿದೆ. ಸಾಲಿನಲ್ಲಿದ್ದ ಹೆಂಗಸರು ಡಬ್ಬಿ ಬಿಟ್ಟು ಹೊರಗೆ ಹೋಗಿ ನಿಂತರು. ಅಕ್ಕ ಚೀಲ ಕೆಳಗಿಟ್ಟಳು. ಹತ್ತಿರ ಬಂದು, ಚಿಕ್ಕಂದಿನಲ್ಲಿ ಜ್ವರ ನೋಡುತ್ತಿದ್ದ ಹಾಗೆ, ನನ್ನ ಮುಂಗೈ ಹಿಡಿದು ನಾಡಿಯ ಮೇಲೆ ಬೆರಳಿಟ್ಟಳು.

"ಓಡಾಕತ್ತಿಲ್ಲ," ಎಂದಳು.

ಸಿಟ್ಟಿನಿಂದ ನನ್ನ ಕಿವಿಗಳು ಸುಡುತ್ತಿದ್ದವು, ದನಿ ಒಡೆದಿತ್ತು. ಬಡಿತ ಮಾತ್ರ ಹದ ತಪ್ಪಿರಲಿಲ್ಲ. ಸಿಟ್ಟು ಬೇರೆ, ಎದೆ ಬೇರೆ ಎಂದು ಹುಡುಗಿಯಾಗಿದ್ದಾಗಿನಿಂದ ಕೂಗಿದ್ದಕ್ಕೆ ಸಾಕ್ಷಿ ಅವಳ ಬೆರಳ ಕೆಳಗೇ ಸಿಕ್ಕಿತ್ತು. ಆಗ ಅವಳು ಕೇಳಿದಳು.

"ಅಲ್ಲೇ ಏನಾರ ಆಗಿದ್ರ, ನನಗ ಯಾರು ಹೇಳ್ತಿದ್ರು?"

"ಯಾರೂ ಹೇಳ್ತಿದ್ದಿಲ್ಲ. ನಾನ ಹೇಳಬ್ಯಾಡ ಅಂದಿದ್ದೆ."

ಅವಳು ಬೆರಳು ತೆಗೆಯಲಿಲ್ಲ. ತೂತು ಬೀಳಬಹುದು, ತಲೆಗೆ ಹೋಗಬಹುದು ಎಂದು ಗೊತ್ತಿದ್ದೂ ಅವಳಿಂದ ಮುಚ್ಚಿಟ್ಟು ಹೋಗಿದ್ದೆ. ಅವಳು ಅಂಜಿಕೆಯಿಂದ ಮುಚ್ಚಿಟ್ಟಿದ್ದಳು, ನಾನು ಸೇಡಿಗೆ ಮುಚ್ಚಿಟ್ಟಿದ್ದೆ. ಹಾಗೆ ಅನಿಸಿದಾಗಲೂ ನನ್ನ ನಾಡಿ ಒಂದೇ ಸಮ ನಡೆಯುತ್ತಿತ್ತು. ನನ್ನ ತಪ್ಪನ್ನು ಎದೆಯ ಮೇಲೆ ಹಾಕಿ ಕೈತೊಳೆದುಕೊಳ್ಳಲು ಈಗ ಎದೆಯಲ್ಲಿ ಯಾವ ರೋಗವೂ ಉಳಿದಿರಲಿಲ್ಲ. ಅಕ್ಕನಿಗೆ ತಿಳಿಸಕೂಡದು ಎಂಬ ಮಾತು ಆಡಿದವಳು ನಾನೇ.

ಅಕ್ಕ ಸಂಜೆಯ ಬಸ್ಸಿಗೆ ಹೋದಳು. ನಾನು ನಿಲ್ಲು ಎನ್ನಲಿಲ್ಲ, ಅವಳೂ ನಿಲ್ಲಲಿಲ್ಲ. ಗೋಧಿಯ ಚೀಲ ಗಿರಣಿಯ ಮೂಲೆಯಲ್ಲಿದೆ. ದಿನಾ ಅದರ ಸುತ್ತ ಕಸ ಗುಡಿಸುತ್ತೇನೆ. ಇನ್ನೂ ಬೀಸಿಲ್ಲ.